ಗುಳ್ಳೆಗಳು ಉಪ್ಪು ಎತ್ತುವುದಿಲ್ಲ

"ಇದಕ್ಕೆ ನಲ್ಲಿ ನೀರು ಸುರಿದೋರು ಯಾರು?"

ಮೆಲ್ಲಗೇ ಕೇಳಿದೆ. ಪರೀಕ್ಷೆಗೆಂದು ಟ್ಯಾಂಕಿನಿಂದ ತುಂಬಿಸಿದ ನೀರಿನ ಬಾಟಲಿಯನ್ನು ಎತ್ತಿ ಹಿಡಿದೆ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಭಾಗದ ಪುಟ್ಟ ಲ್ಯಾಬ್‌ನಲ್ಲಿ ನಾವಿಬ್ಬರೇ ಇದ್ದೆವು: ನೀರು ಪರೀಕ್ಷಿಸುವ ನಾನು, ಟ್ಯಾಂಕಿನ ಕರೆಂಟು ನೋಡಿಕೊಳ್ಳುವ ಅವನು.

ಅವನು ಗೋಡೆ ನೋಡಿದ. "ಯಾರು ಸುರೀತಾರೆ ಮೇಡಂ? ನೀರು ಎಷ್ಟು ತಿಳಿಯಾಗಿದೆ ನೋಡಿ."

"ನನ್ನ ಕಿವಿಗೆ ಹೂ ಇಡಬೇಡ!"

ಮೈಯೆಲ್ಲ ಉರಿದುಹೋಯಿತು. ನಮ್ಮ ಟ್ಯಾಂಕಿನ ತಳದಲ್ಲಿ ಲೋಹದ ತಗಡುಗಳಿವೆ. ಕರೆಂಟು ಹರಿಸಿದರೆ ಸಣ್ಣ ಸಣ್ಣ ಗುಳ್ಳೆಗಳು ಎದ್ದು, ಕೊಳಕು ನೀರಿನ ಬಣ್ಣವನ್ನು ಹೊತ್ತು ಮೇಲೆ ತರುತ್ತವೆ. ಹಾಲಿನ ಕೆನೆ ತೆಗೆದ ಹಾಗೆ ತೆಗೆದರಾಯಿತು. ಆದರೆ ನೂಲಿಗೆ ಬಣ್ಣ ಕಚ್ಚಲೆಂದು ಹಾಕಿದ ಉಪ್ಪು ನೀರಿನಲ್ಲೇ ಉಳಿಯುತ್ತದೆ. ಗುಳ್ಳೆಗಳು ಉಪ್ಪು ಎತ್ತುವುದಿಲ್ಲ. ಈ ಬಾಟಲಿಯಲ್ಲಿ ಬಣ್ಣದ ಜೊತೆ ಉಪ್ಪೂ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು; ಬೇರೆ ನೀರು ಬೆರೆಸದೆ ಹಾಗಾಗುವುದಿಲ್ಲ.

ಮೂರು ವರ್ಷ ಎಲ್ಲರ ಹತ್ತಿರ ಜಗಳವಾಡಿ ಹಾಕಿಸಿದ ಟ್ಯಾಂಕು ಇದು. ಹನ್ನೊಂದು ಗಂಟೆಗೆ ಮ್ಯಾನೇಜರ್ ಫಲಿತಾಂಶ ನೋಡಲು ಬರುವವರಿದ್ದರು. ನೀರು ಸರಿಯಿಲ್ಲದಿದ್ದರೆ ಟ್ಯಾಂಕಿಗೂ ನನಗೂ ಒಂದೇ ದಿನ ಗೇಟ್‌ಪಾಸ್.

"ಹೇಳು!"

"ಬೆಳಿಗ್ಗೆ ಕರೆಂಟು ಜಾಸ್ತಿ ಮಾಡಿಬಿಟ್ಟೆ," ಎಂದ. "ಗುಳ್ಳೆ ಜಾಸ್ತಿ ಬಂದ್ರೆ ನೀರು ಇನ್ನೂ ಚೆನ್ನಾಗಿರತ್ತೆ ಅಂತ. ಎಲ್ಲ ದಪ್ಪ ದಪ್ಪ ಬಂತು. ಮೇಲಿನ ಕೆನೆ ಒಡೆದು ಬಣ್ಣ ಪೂರ್ತಿ ಕೆಳಗಿಳೀತು. ಗಾಬರಿ ಆಯ್ತು, ಅದಕ್ಕೇ..."

"ಅದಕ್ಕೇ ನನ್ನ ಹೆಸರಲ್ಲಿ ಸುಳ್ಳು ಬರೆಸೋಕೆ ಹೊರಟೆಯಾ? ನಿನಗೆ ಬುದ್ಧಿ ಅನ್ನೋದು ಇದೆಯಾ?"

"ಅಂತೂ ಇವತ್ತು 'ನೀನು' ಅಂದ್ರಿ."

ತುಟಿ ಕಚ್ಚಿ, ಹುಬ್ಬಿನಡಿಯಿಂದ ನೋಡಿದ. ಆ ನೋಟಕ್ಕೆ ಬೇರೆ ದಿನವಾಗಿದ್ದರೆ ನಾನು ಕರಗಿಹೋಗುತ್ತಿದ್ದೆ. ಇವತ್ತು ಬಾಟಲಿಯನ್ನು ಅವನ ತಲೆಗೇ ಸುರಿಯೋಣ ಅನಿಸಿತು. ಸಿಂಕಿಗೆ ಸುರಿದು, ಟ್ಯಾಂಕಿನಿಂದ ಹೊಸ ನೀರು ತುಂಬಿ ತಂದೆ. ಅದು ಇನ್ನೂ ನೇರಳೆ ಬಣ್ಣದಲ್ಲಿತ್ತು.

ಹನ್ನೊಂದಕ್ಕೆ ಬಂದ ಮ್ಯಾನೇಜರ್ ಬಾಟಲಿಯನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸಿದರು. "ಸಾಕು. ನಾಳೆ ಟ್ಯಾಂಕು ಬಿಚ್ಚಿಸಿ."

"ಟ್ಯಾಂಕಿನ ತಪ್ಪಲ್ಲ ಸಾರ್, ನನ್ನ ತಪ್ಪು," ಬಾಗಿಲಿನಿಂದ ಅವನ ದನಿ. "ಕರೆಂಟು ಏರಿಸಿದ್ದು ನಾನು. ಆಮೇಲೆ ಬಾಟಲಿಗೆ ನಲ್ಲಿ ನೀರು ಬೆರೆಸಿದ್ದೂ ನಾನೇ. ಅದನ್ನ ಕಂಡುಹಿಡಿದು ಚೆಲ್ಲಿದ್ದು ಇವರು."

ಟ್ಯಾಂಕಿಗೆ ಇನ್ನೊಂದು ವಾರ ಸಿಕ್ಕಿತು. ಅವನ ಕೆಲಸ ಹೋಯಿತು.

ಗೇಟಿನ ಹತ್ತಿರ ಓಡಿ ಹೋಗಿ ಹಿಡಿದೆ. ಅವನ ಹೆಗಲಲ್ಲಿ ಸಾಮಾನಿನ ಚೀಲವಿತ್ತು. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ದೊಡ್ಡ ಧರ್ಮರಾಯ! ಬೆಳಿಗ್ಗೇನೇ ನನ್ನ ಹತ್ತಿರ ಬಂದು ಹೇಳೋಕೆ ಏನಾಗಿತ್ತು ನಿನಗೆ?"

"ಹೆದರಿಕೆ. ಟ್ಯಾಂಕು ಹೋದ್ರೆ ನೀವು ಹೋಗ್ತೀರಿ. ನೀವಿಲ್ಲದ ಕಡೆ ನನಗೇನು ಕೆಲಸ? ಇಷ್ಟ ಕಣ್ರೀ ನೀವು. ಎರಡು ವರ್ಷದಿಂದ."

"ಎರಡು ವರ್ಷ ಬಾಯಲ್ಲಿ ಕಡುಬು ಇಟ್ಕೊಂಡಿದ್ದೆಯಾ?"

"ನಿಮ್ಮ ಕೋಪ ನೋಡಿದವರು ಯಾರು ಬಾಯಿ ಬಿಡ್ತಾರೆ?"

ನಗು ಬಂತು, ತಡೆದುಕೊಂಡೆ. ಇಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು. ಅವನ ಹೆಗಲಿನ ಚೀಲದ ಪಟ್ಟಿ ಹಿಡಿದು ಎಳೆದೆ.

"ಭಾನುವಾರ ಮನೆಗೆ ಬಾ. ಕೆಲಸ ಯಾಕೆ ಹೋಯ್ತು ಅಂತ ಅಪ್ಪ ಕೇಳ್ತಾರೆ. ಇದ್ದದ್ದನ್ನ ಇದ್ದ ಹಾಗೆ ಹೇಳಬೇಕು."

ಅವನ ಮುಖ ಪೆಚ್ಚಾಯಿತು. "ನಿಜ ಹೇಳಿದ್ರೆ ಅವರು ಹುಡುಗಿ ಕೊಡಲ್ಲ."

"ಸುಳ್ಳು ಹೇಳಿದ್ರೆ ಹುಡುಗೀನೇ ಬರಲ್ಲ."