ಹನ್ನೆರಡನೆಯ ತಾರೀಕಿನ ಆಚೆ

ಸೋಮವಾರ ಬೆಳಿಗ್ಗೆ 10.40ಕ್ಕೆ ಠಾಣೆಗೆ ಬಂದ ದರ್ಜಿ ಹೆಂಗಸು ಇನ್‌ಸ್ಪೆಕ್ಟರರ ಮೇಜಿನ ಮೇಲೆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಳು. ಒಂದು, ಸ್ಮಶಾನದ ರಸೀದಿ: ಹತ್ತನೆಯ ತಾರೀಕು. ಇನ್ನೊಂದು, ಆಸ್ಪತ್ರೆಯ ಸಂಶೋಧನಾ ವಿಭಾಗದ ಪತ್ರ: ಮರಣ, ಹದಿಮೂರನೆಯ ತಾರೀಕು.

“ಮಣ್ಣು ಮಾಡಿದ ಮೂರು ದಿನಕ್ಕೆ ಸತ್ತ್ರಾ ಸರ್ ನಮ್ಮೆಜಮಾನ್ರು?”

“ಬರೆಯೋವಾಗ ತಪ್ಪಾಗಿರುತ್ತಮ್ಮ.”

“ತಿದ್ದಿಕೊಡಿ ಅಂತ ಮೂರು ಸಲ ಹೋದೆ. ಇವತ್ತು ಬಾ, ನಾಳೆ ಬಾ. ಒಂದು ತಾರೀಕು ತಿದ್ದೋಕೆ ಯಾಕೆ ಹೆದರ್ತಾರೆ?”

ಎಫ್‌ಐಆರ್ ದಾಖಲಾಯಿತು. ಆಕೆಯ ಗಂಡ ಸ್ನಾಯು ಸವೆಯುವ ಕಾಯಿಲೆಗೆ ಹೊಸ ಮಾತ್ರೆಯ ಪ್ರಯೋಗದಲ್ಲಿದ್ದವನು. ಅಲ್ಲಿ ಅರ್ಧ ಜನಕ್ಕೆ ಹೊಸ ಮಾತ್ರೆ. ಉಳಿದರ್ಧಕ್ಕೆ ಅದೇ ಬಣ್ಣ, ಅದೇ ಆಕಾರದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದೆಂಬುದು ರೋಗಿಗೂ ಗೊತ್ತಿಲ್ಲ, ಆಸ್ಪತ್ರೆಯವರಿಗೂ ಗೊತ್ತಿಲ್ಲ.

ಮಧ್ಯಾಹ್ನ 2.15ಕ್ಕೆ ಆಸ್ಪತ್ರೆಯಲ್ಲಿ ಪಂಚನಾಮೆ ಮಾಡಿ ಕಡತಗಳನ್ನು ವಶಪಡಿಸಿಕೊಂಡರು. ಮುಖ್ಯಪೇದೆ ನೆಲದ ಮೇಲೆ ಕೂತು ಅವನ್ನು ಹರಡಿಕೊಂಡಳು.

“ಸರ್, ಆ ತಿಂಗಳು ನಾಲ್ಕು ಸಾವು. ನಾಲ್ಕೂ ಮನೇಲಿ. ನಾಲ್ಕೂ ಹನ್ನೆರಡನೇ ತಾರೀಕು ದಾಟಿದ್ಮೇಲೆ. ಅಲ್ಲೀವರೆಗೂ ಯಮ ರಜೆ ಹಾಕಿದ್ನಾ?”

ಇನ್‌ಸ್ಪೆಕ್ಟರ್ ವಿಳಾಸಗಳನ್ನು ಬರೆದುಕೊಟ್ಟರು. ಸಂಜೆಯೊಳಗೆ ಅವಳು ಉಳಿದ ಮೂರು ಮನೆಗಳಿಗೂ ಹೋಗಿ ಬಂದಳು. ನಿಜವಾದ ತಾರೀಕುಗಳು: ಐದು, ಏಳು, ಹನ್ನೊಂದು.

ಮಂಗಳವಾರ 11 ಗಂಟೆಗೆ ಇಬ್ಬರೂ ಪ್ರಯೋಗದ ಮೇಲ್ವಿಚಾರಣಾ ಸಮಿತಿಯ ಅಧ್ಯಕ್ಷೆಯ ಮನೆಗೆ ಹೋದರು. ಆಕೆ ನಿವೃತ್ತ ವೈದ್ಯೆ.

“ನಾವು ಮೂರೇ ಜನ. ಕಂಪನಿಗೂ ಆಸ್ಪತ್ರೆಗೂ ಸಂಬಂಧ ಇಲ್ಲದವರು. ಅಂಕಿಅಂಶ ನೋಡ್ತೀವಿ, ಜೀವಕ್ಕೆ ಅಪಾಯ ಕಂಡ್ರೆ ಪ್ರಯೋಗ ನಿಲ್ಲಿಸಿ ಅಂತೀವಿ. ಅದಕ್ಕೇ ಇರೋದು ನಾವು.”

“ಹನ್ನೆರಡನೇ ತಾರೀಕಿಗೇನು?”

“ಅವತ್ತು ನಮ್ಮ ಸಭೆ ಇತ್ತು. ಅಲ್ಲೀವರೆಗೆ ಆಗಿದ್ದು ಮಾತ್ರ ಅದಕ್ಕೆ ಬರುತ್ತೆ. ಆಮೇಲಿನದು ಮೂರು ತಿಂಗಳ ನಂತರ.”

ಇನ್‌ಸ್ಪೆಕ್ಟರ್ ನಾಲ್ಕು ಸಾವುಗಳ ಪಟ್ಟಿ ಮುಂದಿಟ್ಟರು. ಯಾರಿಗೆ ಯಾವ ಮಾತ್ರೆ ಎಂದು ಸಮಿತಿಗಷ್ಟೇ ಕೊಟ್ಟಿದ್ದ ಮೊಹರಿನ ಲಕೋಟೆಯನ್ನು ಆಕೆ ಒಳಗಿನಿಂದ ತಂದು ತಾಳೆ ನೋಡಿದಳು.

“ನಾಲ್ವರೂ ಹೊಸ ಮಾತ್ರೆಯವರು. ಗೊತ್ತಿದ್ದಿದ್ರೆ ಅವತ್ತೇ ನಿಲ್ಲಿಸ್ತಿದ್ವಿ.”

“ಸಭೆಯ ನಂತರ ಇನ್ನೆಷ್ಟು ಜನ ಸತ್ತ್ರು?” ಎಂದು ಆಕೆಯೇ ಕೇಳಿದಳು.

“ಕಡತದ ಪ್ರಕಾರ ಐದು,” ಎಂದರು ಇನ್‌ಸ್ಪೆಕ್ಟರ್. ಆಕೆ ಕನ್ನಡಕ ತೆಗೆದಳು. “ಮುಂದುವರಿಸಬಹುದು ಅಂತ ಸಹಿ ಹಾಕಿದ್ದು ಈ ಕೈನೇ.”

ಅಂದೇ ಪ್ರಯೋಗ ನಿಂತಿತು. ಯಾರಿಗೆ ಯಾವ ಮಾತ್ರೆ ಎಂಬ ಗುಪ್ತ ಪಟ್ಟಿ ತೆರೆದರು. ಒಂದು ಪ್ರತಿ ಠಾಣೆಗೂ ಬಂತು.

ಬುಧವಾರ 9.30. ನಾಲ್ಕೂ ತಾರೀಕುಗಳನ್ನು ಬರೆದ ಕೈ ಒಂದೇ. ಪ್ರಯೋಗ ನೋಡಿಕೊಳ್ಳುತ್ತಿದ್ದ ನರ್ಸ್. ಮನೆಯವರು ಫೋನ್ ಮಾಡಿ ಸಾವು ತಿಳಿಸುತ್ತಿದ್ದುದೂ ಅವಳಿಗೇ. ಅವಳನ್ನು ಠಾಣೆಗೆ ಕರೆಸಿದರು.

“ತಾರೀಕು ಬದಲಾಯಿಸಿದ್ದು ಯಾರು?”

“ನಾನೇ.”

“ಕಂಪನಿಯವರು ಹೇಳಿದ್ರಾ?”

“ಇಲ್ಲ. ನನ್ನ ತಮ್ಮನೂ ಆ ಪ್ರಯೋಗದಲ್ಲಿದ್ದ. ಸಂಬಂಧ ಮುಚ್ಚಿಟ್ಟಿದ್ದೆ. ಹಾಸಿಗೆ ಹಿಡಿದೋನು ಸರ್, ಮಾತ್ರೆ ಶುರುವಾದ್ಮೇಲೆ ಒಂದಿನ ಗೋಡೆ ಹಿಡ್ಕೊಂಡು ಅಡುಗೆಮನೆಗೆ ಬಂದ. ನಾಲ್ಕು ಸಾವು ಕಂಡ್ರೆ ನಿಲ್ಲಿಸಿಬಿಡ್ತಾರೆ ಅನ್ನಿಸ್ತು. ಸತ್ತೋರು ಹೆಂಗೂ ಸತ್ತಿದ್ರು. ಕಾಯಿಲೆಯಿಂದಲೇ ಇರ್ಬೇಕು ಅಂತ ನಂಬ್ಕೊಂಡೆ.”

“ಆಮೇಲಿನ ಐದು?”

“ಅವರ ಮನೆಗಳಿಗೂ ಹೋಗಿ ಅತ್ತು ಬಂದಿದ್ದೀನಿ.” ಸೆರಗಿನ ತುದಿಯನ್ನು ಅವಳು ಬೆರಳಿಗೆ ಸುತ್ತಿಕೊಂಡಳು. “ಪಟ್ಟಿ ಬಂದಿದೆಯಂತಲ್ಲ. ಅವನಿಗೆ ಯಾವುದು?”

ಇನ್‌ಸ್ಪೆಕ್ಟರ್ ಮುಖ್ಯಪೇದೆಯ ಮುಖ ನೋಡಿದರು. ನಂತರ ಹೇಳಿದರು: “ಔಷಧ ಇಲ್ಲದ್ದು.”

ಅವಳು ಸೆರಗನ್ನು ಬೆರಳಿನಿಂದ ಬಿಚ್ಚಿದಳು.

“ಅವನಿಗೆ ಹೇಳ್ಬೇಡಿ ಸರ್. ನಡೀತಿದಾನೆ.”

11.05ಕ್ಕೆ ಬಂಧನ. ಮನೆಯವರಿಗೆ ತಿಳಿಸಬೇಕು, ಉಳಿದ ಮಾತ್ರೆಗಳನ್ನು ವಶಪಡಿಸಿಕೊಳ್ಳಬೇಕು. ಮಧ್ಯಾಹ್ನ ಇಬ್ಬರೂ ಅವಳ ಮನೆಗೆ ಹೋದರು. ಕರೆಗಂಟೆಗೆ ಒಳಗಿನಿಂದ ದನಿ ಬಂದ ಮೇಲೂ ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಅವಳ ತಮ್ಮ ಬಾಗಿಲ ಚೌಕಟ್ಟು ಹಿಡಿದು ಬೆವರುತ್ತ ನಿಂತಿದ್ದ.

“ನಾನೇ ಬಂದೆ ನೋಡಿ. ಇನ್ನೊಂದು ತಿಂಗಳು ಈ ಮಾತ್ರೆ ತಗೊಂಡ್ರೆ ಮೆಟ್ಟಿಲೂ ಇಳೀತೀನಿ ಅಂದಿದಾಳೆ ಅಕ್ಕ. ಅವಳೆಲ್ಲಿ?”

ಇನ್‌ಸ್ಪೆಕ್ಟರ್ ಬಂಧನದ ಪತ್ರವನ್ನು ಓದಿ ಹೇಳಿದರು. ಅವನು ಕುರ್ಚಿಯಲ್ಲಿ ಕೂತು ಸಹಿ ಹಾಕಿದ. ಮುಖ್ಯಪೇದೆ ಕಿಟಕಿಯ ಬಳಿಯ ಮಾತ್ರೆ ಬಾಟಲಿಯನ್ನು ಎತ್ತಿಕೊಂಡಳು.

“ಅದನ್ನ ಮಾತ್ರ ಬಿಟ್ಟುಹೋಗಿ ಮೇಡಂ,” ಎಂದ ಅವನು. “ಕೈ ಮುಗೀತೀನಿ.”

ಅವಳು ಬಾಟಲಿಗೆ ಚೀಟಿ ಅಂಟಿಸಿದಳು. ಹನ್ನೊಂದು ಮಾತ್ರೆ, ಎಂದು ಬರೆದಳು.