ಹೆಸರಿಡದ ಮೂರನೆಯ ಖಾನೆ

ಹಾರ್ಡ್ ಡಿಸ್ಕಿನ ಖಾನೆಗಳನ್ನು ಒಂದಾಗಿಸುವ, ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಬೆಸುಗೆಯಂತ್ರ ಹಳೆಯ ಕಂಪ್ಯೂಟರಿಗೆ ಅಂಟಿಕೊಂಡು ಗುಂಯ್‌ಗುಡುತ್ತಿತ್ತು. 2057ರ ಆ ಶನಿವಾರ ಹೊನ್ನಗುಡ್ಡದ ಶಾಲೆಯ ಮುಖ್ಯೋಪಾಧ್ಯಾಯಿನಿ ಫಿಲೋಮಿನಾ ಅದನ್ನು ಅಷ್ಟೇನೂ ನಂಬಿಕೆಯಿಲ್ಲದೆ ನೋಡುತ್ತಿದ್ದರು. ಮುಚ್ಚಿಹೋದ ಚಿನ್ನದ ಗಣಿಯ ಕಚೇರಿಯಿಂದ ಶಾಲೆಗೆ ಬಂದ ಕಂಪ್ಯೂಟರ್ ಅದು. ಮೂವತ್ತು ವರ್ಷ ದಾಟಿದ್ದರೂ ಗಟ್ಟಿ ಪಿಂಡ.

"ಸಿ ಡ್ರೈವ್ ತುಂಬಿಹೋಗಿದೆ ಮೇಡಂ, ಪಾಠದ ವಿಡಿಯೊ ಒಂದೂ ಹಿಡಿಸಲ್ಲ. ಡಿ ಖಾಲಿ. ಇನ್ನೊಂದಕ್ಕೆ ಹೆಸರೇ ಇಲ್ಲ. ಎಲ್ಲ ಅಳಿಸಿ ಒಂದು ಮಾಡಿಬಿಡಿ," ಎಂದು ಫಿಲೋಮಿನಾ ಪಕ್ಕದಲ್ಲಿದ್ದ ವಸುಧಾಗೆ ಹೇಳಿದರು. ಅವರ ಗಮನವೆಲ್ಲ ಅಂಗಳದಲ್ಲಿತ್ತು. ಹನ್ನೊಂದು ವರ್ಷ ಕಚೇರಿಗಳ ಮೆಟ್ಟಿಲು ಸವೆಸಿ ತಂದ ಸಭಾಂಗಣಕ್ಕೆ ಅಲ್ಲಿ ಪಾಯ ತೋಡಿಯಾಗಿತ್ತು. ಸೋಮವಾರ ಕಾಂಕ್ರೀಟ್.

ಯಂತ್ರವನ್ನು ಕಂಡುಹಿಡಿದ ವಿಜ್ಞಾನಿ ವಸುಧಾ ನಕ್ಕರು. "ಹಾರ್ಡ್ ಡಿಸ್ಕ್ ಅಂದ್ರೆ ಒಂದೇ ಕಪಾಟು ಟೀಚರ್. ಪಾರ್ಟಿಶನ್ ಅಂದ್ರೆ ಅದರೊಳಗೆ ಹೊಡೆದ ಹಲಗೆ. ಹಿಂದೆಲ್ಲ ಹಲಗೆ ಕೀಳೋಕೆ ಸಾಮಾನ್ಯವಾಗಿ ಒಂದು ಖಾನೆ ಬರಿದು ಮಾಡ್ತಿದ್ರು. ಇದು ಒಳಗಿರೋದನ್ನ ಮೊದಲು ಓದಿ ಅರ್ಥ ಮಾಡ್ಕೊಳ್ಳುತ್ತೆ, ಆಮೇಲೆ ಸೇರಿಸುತ್ತೆ."

ಡಿ ಖಾನೆ ಸಲೀಸಾಗಿ ಸಿ ಜೊತೆ ಸೇರಿತು. ಮೂರನೆಯದರ ಬಳಿ ಯಂತ್ರ ನಿಂತುಬಿಟ್ಟಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: 'ಇದು ಈ ಊರಿನ ನೆಲದಡಿಯ ನಕ್ಷೆ. ಅಳಿಸುವ ಮುನ್ನ ನೋಡಿ.'

ವಸುಧಾ ಆ ನಕ್ಷೆಯ ಮೇಲೆ ಶಾಲೆಯ ಇಂದಿನ ನಕ್ಷೆಯನ್ನಿಟ್ಟರು. ನಲವತ್ತಡಿ ಆಳದಲ್ಲಿ ಹಳೆಯ ಸುರಂಗವೊಂದು ಸರಿಯಾಗಿ ಪಾಯದ ಕೆಳಗೇ ಹಾದುಹೋಗಿತ್ತು.

ಫಿಲೋಮಿನಾ ಅಂಗಳದ ಪಾಯದತ್ತ ತಿರುಗಿದರು. "ಇನ್ನೂರು ಮಕ್ಕಳನ್ನ ಅಲ್ಲೇ ಕೂರಿಸಬೇಕು ಅಂತಿದ್ದೆ," ಎಂದರು.

"ಕೊರೆದು ನೋಡೋಣ. ಕಾಂಕ್ರೀಟ್ ಎಲ್ಲೂ ಓಡಿಹೋಗಲ್ಲ."

ಸೋಮವಾರ ಕಾಂಕ್ರೀಟಿನ ಬದಲು ಕೊರೆಯುವ ಯಂತ್ರ ಬಂತು. ನಲವತ್ತೊಂದನೆಯ ಅಡಿಯಲ್ಲಿ ಅದರ ಸರಳು ಏನೂ ತಾಗದೆ ಕೆಳಗೆ ಜಾರಿತು. ಸಭಾಂಗಣವನ್ನು ಗಟ್ಟಿ ಬಂಡೆಯಿದ್ದ ಬೇಲಿಯ ಕಡೆಗೆ ಸರಿಸಲು ಅಂದೇ ತೀರ್ಮಾನವಾಯಿತು.

"ಇಷ್ಟು ಮುಖ್ಯವಾದದ್ದನ್ನ ಯಾಕೆ ಬಚ್ಚಿಟ್ಟರೋ," ಎಂದರು ಫಿಲೋಮಿನಾ, ಕಂಪ್ಯೂಟರಿನ ಮುಂದೆ ಕೂರುತ್ತ.

"ಬಚ್ಚಿಟ್ಟಿಲ್ಲ ಟೀಚರ್. ಸಿ ಡ್ರೈವ್ ಕೆಟ್ಟರೂ ಉಳೀಲಿ ಅಂತ ಪಾಪ ಯಾರೋ ಬೇರೆ ಖಾನೆ ಮಾಡಿ ಜೋಪಾನ ಮಾಡಿದ್ದಾರೆ. ಹೆಸರಿಡೋಕೆ ಬೇಜಾರು, ಅಷ್ಟೆ."

ನಕ್ಷೆಗಳಿದ್ದ ಕಡತದ ಹೆಸರು 'ನ್ಯೂ ಫೋಲ್ಡರ್ 2'. ಉಳಿಸಿದ ವರ್ಷ 2026. ಫಿಲೋಮಿನಾ ಆ ಹೆಸರನ್ನು ಅಳಿಸಿ, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು: 'ಶಾಲೆಯ ಕೆಳಗಿನ ಸುರಂಗ.'

ಅರ್ಧ ನಿಮಿಷ ಹಿಡಿಯಿತು. 2026ರಲ್ಲೂ ಅಷ್ಟೇ ಹಿಡಿಯುತ್ತಿತ್ತು.