ಇಂಗಿತ ಮತ್ತು ಒಂದು ‘ಬೇಡ’

ಕ್ರಿಸ್ತಶಕ ೨೦೫೮ರ ಆ ಬೆಳಗ್ಗೆ ತುಮಕೂರಿನ ಚಂದ್ರಕಲಾ ಅವರ ಮನೆಯಲ್ಲಿ ಇತ್ಯರ್ಥವಾಗಬೇಕಿದ್ದ ಗಹನವಾದ ಪ್ರಶ್ನೆಯೆಂದರೆ, ಚಟ್ನಿಯು ತಟ್ಟೆ ಇಡ್ಲಿಗೆ ತಾಗಿದೆಯೋ ಇಲ್ಲವೋ ಎಂಬುದು. ತಾಗಿದ್ದರೆ ಮಗಳು ನಿಹಾರಿಕಾ ದಿನವಿಡೀ ಅನ್ನ ನೀರು ಮುಟ್ಟುವವಳಲ್ಲ.

ತಾಗಿರಲಿಲ್ಲ. ತಿಂದಳು. ಇನ್ನೊಂದು ಇಡ್ಲಿ ಬಡಿಸಹೋದಾಗ “ಬೇಡ” ಎಂದಳು. ಅವಳ ಕಿವಿಯ ಹಿಂದೆ ಅಂಟಿಸಿದ್ದ ಬಟಾಣಿ ಗಾತ್ರದ ‘ಇಂಗಿತ’ ಗೋಡೆಯ ಸ್ಪೀಕರಿನಿಂದ ವಿನಯವಾಗಿ ನುಡಿಯಿತು: “ಸಂಕೋಚ ಪಡುತ್ತಿದ್ದಾರೆ. ಇನ್ನೊಮ್ಮೆ ಒತ್ತಾಯ ಮಾಡಿ.”

“ಇವಳಿಗೆಲ್ಲಿಯ ಸಂಕೋಚ! ಮನೆಗೆ ಬಂದ ನೆಂಟರಿಗೇನೇ ‘ನಿಮ್ಮ ಬಾಯಿ ನಾರುತ್ತೆ’ ಅಂದೋಳು,” ಎಂದು ಚಂದ್ರಕಲಾ ಪಾತ್ರೆ ಮುಚ್ಚಿದರು.

ಕಣ್ಣಿನ ಚಲನೆ, ದನಿಯ ಏರಿಳಿತ, ನಾಡಿಬಡಿತ ಇವನ್ನು ನೋಡಿಯೇ ಆಟಿಸಂ ಇರುವವರನ್ನು ಗುರುತಿಸುವ ಕೃತಕ ಬುದ್ಧಿ ಈ ಇಂಗಿತ. ಗುರುತಿಸಿ ಸುಮ್ಮನಾಗುವುದಿಲ್ಲ, ಜೊತೆಗಿದ್ದು ಅವರ ಮನಸ್ಸನ್ನು ಮಿಕ್ಕವರಿಗೆ ಬಿಡಿಸಿ ಹೇಳುತ್ತದೆ. ಅದು ಹೇಳಿದ್ದಕ್ಕೆ ಕಾನೂನಿನ ಮನ್ನಣೆಯೂ ಇತ್ತು.

ತೊಡಕಾದದ್ದು ಅಲ್ಲೇ. ಚಂದ್ರಕಲಾರ ಹೃದಯ ಹೆಚ್ಚು ದಿನ ನಡೆಯುವಂತಿರಲಿಲ್ಲ. ಮಗಳಂಥವರನ್ನು ನೋಡಿಕೊಳ್ಳುವ ವಸತಿಗೃಹವೊಂದರಲ್ಲಿ ಜಾಗ ಖಾಲಿಯಾಗಿತ್ತು. ಸೇರಲು ಅವಳ ಒಪ್ಪಿಗೆ ಬೇಕು. ಹಿಂದಿನ ದಿನ ಕೇಳಿದ್ದರು: “ಅಲ್ಲಿ ಹೋಗಿ ಇರ್ತೀಯೇನೇ?”

“ಬೇಡ.”

ಇಂಗಿತ ದಾಖಲಿಸಿತು: ಒಪ್ಪಿದ್ದಾರೆ.

ಅದಕ್ಕೇ ಇಂಗಿತವನ್ನು ರೂಪಿಸಿದ ವಿಜ್ಞಾನಿ ಇಂದುಧರರನ್ನು ಮನೆಗೆ ಕರೆಸಿದ್ದರು.

“ಸಾರ್, ನಿಮ್ಮ ಯಂತ್ರಕ್ಕೆ ತಲೆ ಕೆಟ್ಟಿದೆ. ನನ್ನ ಮಗಳು ಬೇಡ ಅಂದ್ರೆ ಬೇಡ.”

“ಅದು ಮಾತಿನ ಒಳಮರ್ಮ ಕಲಿತದ್ದು ನಮ್ಮಿಂದಲೇ ಅಮ್ಮಾ. ಮೂವತ್ತು ವರ್ಷದ ಹಿಂದಿನ ಮದುವೆ ವಿಡಿಯೋಗಳನ್ನೆಲ್ಲ ತೋರಿಸಿದ್ವಿ. ಬೇಡ ಬೇಡ ಅಂದೋರ ಎಲೆಗೆ ಹೋಳಿಗೆ ಬೀಳದೆ ಇದ್ದದ್ದು ಎಲ್ಲಾದರೂ ಕಂಡಿದ್ದೀರಾ?”

“ಇವಳೇನು ಮದುವೆ ಮನೆ ನೆಂಟಳಾ?”

“ಅಲ್ಲ. ತಪ್ಪು ನಮ್ಮದೇ.” ಇಂದುಧರ ತಲೆ ತಗ್ಗಿಸಿದರು. “ತಿದ್ದಲಾ? ಈಗಲೇ ‘ಒಪ್ಪಿಲ್ಲ’ ಅಂತಾಗುತ್ತೆ. ಆದರೆ ಆ ಜಾಗ ಬೇರೆಯವರ ಪಾಲಾಗುತ್ತೆ.”

ನಿಹಾರಿಕಾ ನೆಲದ ಮೇಲೆ ಚಮಚಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಿದ್ದಳು. ಪ್ರತಿದಿನ ಒಂದು ಚಮಚ ಸಿಂಕಿನಲ್ಲೇ ಉಳಿಯುತ್ತಿತ್ತು. ಅದನ್ನು ತೊಳೆದು ತಂದುಕೊಡುತ್ತಿದ್ದವರು ಚಂದ್ರಕಲಾ. ಈಗಲೂ ತಂದುಕೊಟ್ಟರು. ಅಷ್ಟಕ್ಕೇ ಏದುಸಿರು ಬಂತು. ಗೋಡೆ ಹಿಡಿದು ನಿಂತು, ಮಗಳ ಕಡೆ ನೋಡದೆ ಹೇಳಿದರು:

“ಬೇಡ. ತಿದ್ದಬೇಡಿ.”

ಇಂಗಿತ ತಡಮಾಡಲಿಲ್ಲ. “ತಾಯಿಯವರು ಸಂಕೋಚ ಪಡುತ್ತಿದ್ದಾರೆ. ಇನ್ನೊಮ್ಮೆ ಒತ್ತಾಯ ಮಾಡಿ.”

ಆ ಮನೆಯಲ್ಲಿ ಅದು ಸರಿಯಾಗಿ ಹೇಳಿದ್ದು ಅದೊಂದೇ ಸಲ. ಚಂದ್ರಕಲಾ ಆ ಒತ್ತಾಯಕ್ಕೆ ಕಾದು ನಿಂತರು. ಯಂತ್ರದ ತಪ್ಪಿನಿಂದ ಪಾಠ ಕಲಿತಿದ್ದ ಇಂದುಧರ, ಹೇಳಿದ ಮಾತನ್ನು ಹೇಳಿದಂತೆಯೇ ಗೌರವಿಸಿ, ಕೈಮುಗಿದು ಹೊರಟರು.

ಸೋಮವಾರ ನಿಹಾರಿಕಾಳನ್ನು ವಸತಿಗೃಹಕ್ಕೆ ಕರೆದೊಯ್ದರು. ಅಲ್ಲಿ ಚಟ್ನಿಯನ್ನು ಇಡ್ಲಿಯ ಮೇಲೆಯೇ ಸುರಿಯುತ್ತಾರೆ.